ಚುಕ್ಕಿಯ ಆಚೆ ಯಾರ ಊರು? ಉತ್ತರ ಕನ್ನಡದ ಸಣ್ಣ ವ್ಯವಹಾರಸ್ಥರು ಡೊಮೈನ್ ಕೊಳ್ಳುವ ಬಗೆ

ಗೂಗಲ್ ಬಿಸಿನೆಸ್ ಪ್ರೊಫೈಲ್ ಜೊತೆ ಪುಕ್ಕಟೆ ಸಿಗುತ್ತಿದ್ದ ವೆಬ್ ಪುಟಗಳು 2024ರ ಮಾರ್ಚ್‌ನಲ್ಲಿ ಬಂದಾದವು. ಅದನ್ನೇ ನೆಚ್ಚಿಕೊಂಡಿದ್ದ ಹೋಂಸ್ಟೇ, ಜೇನು, ಜೋನಿಬೆಲ್ಲ, ಮುರುಗಲು ಶರಬತ್ತಿನವರಿಗೆಲ್ಲ ಈಗ ಸ್ವಂತ ಡೊಮೈನ್, ಅಂದರೆ ತಮ್ಮದೇ ವೆಬ್ ವಿಳಾಸದ ಹೆಸರು ಬೇಕು. ಹುಡುಕಲು ಕೂತರೆ ಬೇಕಾದ ಹೆಸರು ಡಾಟ್ ಕಾಮ್‌ನಲ್ಲಿ ಬೇರೆಯವರ ಪಾಲಾಗಿರುತ್ತದೆ. ಅದರ ಕೆಳಗೇ ಡಾಟ್ ಐಒ, ಡಾಟ್ ಟಿವಿ, ಡಾಟ್ ಸಿಸಿ, ಡಾಟ್ ಎಐ ಎಂದು ಸಾಲುಸಾಲು ಖಾಲಿ ಹೆಸರುಗಳು ಕಾಣಿಸುತ್ತವೆ. ಈ ಕೊನೆಯ ಎರಡಕ್ಷರ ಬರೀ ಅಲಂಕಾರ ಅಲ್ಲ. ಒಂದೊಂದೂ ಒಂದೊಂದು ನಾಡಿನದು, ಅಲ್ಲಿನ ದರ, ಅಲ್ಲಿನ ಕಾನೂನು, ಅಲ್ಲಿನ ರಾಜಕೀಯ ಎಲ್ಲವೂ ಅದರ ಜೊತೆಗೇ ಬರುತ್ತವೆ.

ದುಡ್ಡು ಕೊಟ್ಟರೂ ಡೊಮೈನ್ ನಿಮ್ಮ ಆಸ್ತಿಯಾಗುವುದಿಲ್ಲ. ಅದು ಗೇಣಿಗೆ ಹಿಡಿದ ತೋಟ. ವರ್ಷಾವರ್ಷ ಗೇಣಿ ಕೊಡಬೇಕು, ಒಡೆಯ ಷರತ್ತು ಬದಲಿಸಿದರೆ ಒಪ್ಪಿಕೊಳ್ಳಬೇಕು. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ಒಡೆಯ ಯಾರು ಎಂಬುದು.

ಎರಡಕ್ಷರದ ಒಡೆಯರು

ಐಎಸ್‌ಒ 3166-1 ಎನ್ನುವ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಪ್ರತಿ ದೇಶಕ್ಕೂ, ಎಷ್ಟೋ ಸಣ್ಣ ದ್ವೀಪ ಪ್ರದೇಶಗಳಿಗೂ ಎರಡಕ್ಷರದ ಕೋಡ್ ಇದೆ. ಡೊಮೈನಿನ ತುದಿಯಲ್ಲಿ ಬರುವುದು ಅದೇ ಕೋಡ್. ಯಾವುದು ದೇಶ, ಯಾವುದಲ್ಲ ಎಂದು ತೀರ್ಮಾನಿಸುವ ಕೆಲಸ ತಮ್ಮದಲ್ಲ ಎಂದು ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವವರು 1994ರಲ್ಲೇ ಬರೆದಿಟ್ಟು, ಈ ಪಟ್ಟಿಯನ್ನೇ ಒಪ್ಪಿಕೊಂಡರು. ಹಾಗಾಗಿ ಜನರೇ ಇಲ್ಲದ ದ್ವೀಪಗಳಿಗೂ ಡೊಮೈನ್ ಸಿಕ್ಕಿದೆ.

ಟಿವಿ ಎಂಬ ಕೋಡ್ ಪೆಸಿಫಿಕ್ ಸಾಗರದ ಟುವಾಲುವಿನದು. ಇಡೀ ದೇಶದ ನೆಲ 26 ಚದರ ಕಿಲೋಮೀಟರ್, ಜನ ಹನ್ನೊಂದು ಸಾವಿರದ ಆಸುಪಾಸು. ವಿಡಿಯೊ ಕಂಪನಿಗಳಿಗೆ ಈ ಎರಡಕ್ಷರ ಹೇಳಿ ಮಾಡಿಸಿದ ಹಾಗಿದ್ದುದರಿಂದ ಅದನ್ನು ಮಾರುವ ಹಕ್ಕನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟರು. ಆ ಹಣ ಕೈಗೆ ಬಂದದ್ದರಿಂದಲೇ 2000ನೇ ಇಸವಿಯಲ್ಲಿ ಟುವಾಲುವಿಗೆ ವಿಶ್ವಸಂಸ್ಥೆಯ ಸದಸ್ಯತ್ವದ ಖರ್ಚು ಹೊರಲು ಆಯಿತು. ಎಐ ಕೋಡ್ ಕೆರಿಬಿಯನ್‌ನ ಅಂಗ್ವಿಲಾದ್ದು. ಬ್ರಿಟಿಷ್ ಆಡಳಿತದ ಆ ದ್ವೀಪದ ಜನಸಂಖ್ಯೆ ಕಾರವಾರ ಪಟ್ಟಣದ ಕಾಲುಭಾಗವೂ ಇಲ್ಲ. ಕೃತಕ ಬುದ್ಧಿಮತ್ತೆಯ ಅಲೆ ಎದ್ದ 2023ರಲ್ಲಿ ಬರೀ ಡೊಮೈನಿನಿಂದ ಅಲ್ಲಿನ ಸರ್ಕಾರಕ್ಕೆ ಸುಮಾರು 3.2 ಕೋಟಿ ಅಮೆರಿಕನ್ ಡಾಲರ್ ಬಂತು. ಸರ್ಕಾರದ ಒಟ್ಟು ಆದಾಯದ ಐದನೇ ಒಂದು ಪಾಲು ಅದು. ನಿಯುವೆ ದ್ವೀಪದ ಎನ್‌ಯು ಹೆಚ್ಚು ಓಡುವುದು ಸ್ವೀಡನ್ನಿನಲ್ಲಿ, ಸ್ವೀಡಿಶ್ ಭಾಷೆಯಲ್ಲಿ ‘ನು’ ಎಂದರೆ ಈಗ. ಎಫ್‌ಎಂ ಮೈಕ್ರೊನೇಷ್ಯಾದ್ದು, ಸಿಸಿ ಆಸ್ಟ್ರೇಲಿಯಾಕ್ಕೆ ಸೇರಿದ ಕೊಕೊಸ್ ದ್ವೀಪಗಳದ್ದು.

ಕೆಟ್ಟ ಹೆಸರು ತೆಗೆದುಕೊಂಡದ್ದು ಟೊಕೆಲಾವಿನ ಟಿಕೆ. ಸಾವಿರದೈನೂರು ಜನರ ಆ ಹವಳದ್ವೀಪಗಳ ಡೊಮೈನನ್ನು ಪುಕ್ಕಟೆ ಹಂಚಿದರು. ಕೋಟಿಗಟ್ಟಲೆ ಹೆಸರು ನೋಂದಣಿಯಾದವು, ಮೋಸಗಾರರು ಬೇಕಾದಷ್ಟು ಬಳಸಿಕೊಂಡರು. 2023ರಲ್ಲಿ ಹಂಚುತ್ತಿದ್ದ ಕಂಪನಿಯ ಮೇಲೆ ಫೇಸ್‌ಬುಕ್ ನಡೆಸುವ ಮೆಟಾ ದಾವೆ ಹೂಡಿತು, ಹೊಸ ನೋಂದಣಿ ನಿಂತಿತು, ಮರುವರ್ಷ ಕಂಪನಿ ಈ ವ್ಯವಹಾರದಿಂದಲೇ ಹೊರನಡೆಯಿತು. ಅದೇ ಕಂಪನಿಯ ಕೈಯಲ್ಲಿದ್ದ ಗೆಬಾನ್ ದೇಶದ ಡೊಮೈನನ್ನು ಆ ದೇಶ 2023ರಲ್ಲಿ ವಾಪಸ್ ಪಡೆದು ಲಕ್ಷಗಟ್ಟಲೆ ಹೆಸರು ಅಳಿಸಿತು. ಪುಕ್ಕಟೆ ಡೊಮೈನ್ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಇದನ್ನು ನೆನಪಿಸಿಕೊಂಡು ಮುಂದೆ ಹೋಗಿ.

ಊರಿನ ಹೆಸರನ್ನು ಚುಕ್ಕಿಯಲ್ಲಿ ಒಡೆಯುವ ಆಸೆ

ನಮ್ಮ ಜಿಲ್ಲೆಯವರಿಗೆ ಈ ಆಸೆ ಬರುವುದು ಸಹಜ. ಶಿರಸಿಯನ್ನು ಇಂಗ್ಲಿಷಿನಲ್ಲಿ ಬರೆದರೆ ಕೊನೆಯ ಎರಡಕ್ಷರ ಎಸ್‌ಐ, ಅದು ಸ್ಲೊವೇನಿಯಾದ್ದು. ಅಂಕೋಲಾದ ಕೊನೆಯ ಎಲ್‌ಎ ಲಾವೋಸ್‌ನದು. ದಾಂಡೇಲಿಯ ಎಲ್‌ಐ ಯುರೋಪಿನ ಲಿಕ್ಟನ್‌ಸ್ಟೈನ್‌ದು, ಗೋಕರ್ಣದ ಎನ್‌ಎ ನಮೀಬಿಯಾದ್ದು, ಭಟ್ಕಳದ ಎಎಲ್ ಅಲ್ಬೇನಿಯಾದ್ದು. ಊರಿನ ಹೆಸರಿಗೆ ಚುಕ್ಕಿ ಇಟ್ಟರೆ ವಿಳಾಸ ತಯಾರು! ನೋಡಲು ಚೆಂದ, ಆದರೆ ಎರಡು ತೊಡಕಿವೆ.

ಒಂದು, ಗೂಗಲ್ ಹುಡುಕಾಟ. ಎಐ, ಸಿಸಿ, ಸಿಒ, ಎಫ್‌ಎಂ, ಐಒ, ಎಲ್‌ಎ, ಎಂಇ, ಎನ್‌ಯು, ಟಿವಿ, ಡಬ್ಲ್ಯುಎಸ್ ಮುಂತಾದ ಕೆಲವನ್ನು ಮಾತ್ರ ಗೂಗಲ್ ‘ಯಾವ ದೇಶಕ್ಕೂ ಸೇರದ್ದು’ ಎಂದು ಪರಿಗಣಿಸುತ್ತದೆ. ಉಳಿದ ದೇಶದ ಡೊಮೈನ್‌ಗಳನ್ನು ಆಯಾ ದೇಶದ ಓದುಗರಿಗಾಗಿ ಇರುವ ತಾಣ ಎಂದೇ ಲೆಕ್ಕ ಹಾಕುತ್ತದೆ. ಎಲ್‌ಎ ಈ ಪಟ್ಟಿಯಲ್ಲಿದೆ, ಎಲ್‌ಐ ಇಲ್ಲ. ಅಂದರೆ ಅಂಕೋಲಾದವರು ಬಚಾವ್, ದಾಂಡೇಲಿಯ ರಾಫ್ಟಿಂಗ್ ತಾಣವೊಂದು ಎಲ್‌ಐ ಹಿಡಿದರೆ ಅದು ಆಲ್ಪ್ಸ್ ಪರ್ವತದ ಪುಟ್ಟ ದೇಶದವರಿಗೆ ಎಂದು ಗೂಗಲ್ ತಿಳಿಯುತ್ತದೆ. ಹುಬ್ಬಳ್ಳಿ, ಬೆಂಗಳೂರಿನವರು ಹುಡುಕಿದಾಗ ಹಿಂದೆ ಬೀಳಬಹುದು. ತಾಣದ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ದೇಶ ಆರಿಸಿಕೊಳ್ಳುವ ಸೌಲಭ್ಯ ಮೊದಲು ಇತ್ತು, 2022ರಲ್ಲಿ ಅದನ್ನು ತೆಗೆದರು. ಡಾಟ್ ಇನ್ ಆದರೆ ಭಾರತದ ತಾಣ ಎಂದು ಹೇಳಬೇಕಾದ್ದೇ ಇಲ್ಲ.

ಎರಡನೆಯದು ಫೋನು. ಬುಕಿಂಗ್ ಕೇಳುವವರಿಗೆ ವಿಳಾಸವನ್ನು ಬಾಯಲ್ಲಿ ಹೇಳಿ ನೋಡಿ. ಒಂದೇ ಸಲಕ್ಕೆ ಅವರು ಸರಿಯಾಗಿ ಟೈಪ್ ಮಾಡಿದರೆ ಹೆಸರು ಪಾಸು. ‘ಅಂಕೋ, ಆಮೇಲೆ ಡಾಟ್, ಆಮೇಲೆ ಎಲ್‌ಎ’ ಎಂದು ಬಿಡಿಸಬೇಕಾಗಿ ಬಂದರೆ ನಪಾಸು. ಕೇಳಿದವರು ಊರಿನ ಹೆಸರನ್ನು ಪೂರ್ತಿ ಬರೆದು ಹಿಂದೆ ಡಾಟ್ ಕಾಮ್ ಹಚ್ಚುತ್ತಾರೆ, ಇನ್ಯಾರದೋ ಪುಟಕ್ಕೆ ಹೋಗುತ್ತಾರೆ. ನಮ್ಮ ಕಡೆಯ ಹೆಸರುಗಳಿಗೆ ಇಂಗ್ಲಿಷ್ ಕಾಗುಣಿತದ ಕಾಟ ಬೇರೆ. ಹೊನ್ನಾವರಕ್ಕೆ ಎನ್ ಒಂದೋ ಎರಡೋ, ಕುಮಟಾದಲ್ಲಿ ಎಂ ಆದ ಮೇಲೆ ಎ ಇದೆಯೋ ಇಲ್ಲವೋ, ಯಲ್ಲಾಪುರ ಶುರುವಾಗುವುದು ವೈಎ ಎಂದೋ ವೈಇ ಎಂದೋ, ಸಿಹಿತಿಂಡಿ ತೊಡದೇವಿಗೆ ಎಚ್ ಬೇಕೋ ಬೇಡವೋ. ಜನ ಹೆಚ್ಚಾಗಿ ಬರೆಯುವ ಎರಡು ರೂಪ ಇದ್ದರೆ ಎರಡನ್ನೂ ಡಾಟ್ ಇನ್‌ನಲ್ಲೇ ಹಿಡಿದು, ಒಂದನ್ನು ತೆರೆದವರು ತಾನಾಗಿ ಇನ್ನೊಂದಕ್ಕೆ ಹೋಗುವ ಹಾಗೆ ತಿರುಗಿಸಿ. ದುಬಾರಿ ದ್ವೀಪದ ಹೆಸರೊಂದಕ್ಕೆ ಸುರಿಯುವುದಕ್ಕಿಂತ ಅದು ಲಾಭ.

ತಪ್ಪಕ್ಷರದ ಅನಾಹುತ ದೊಡ್ಡವರಿಗೂ ತಪ್ಪಿಲ್ಲ. ಅಮೆರಿಕದ ಸೇನೆಯ ವಿಳಾಸ ಮುಗಿಯುವುದು ಎಂಐಎಲ್ ಎಂದು, ಮಾಲಿ ದೇಶದ್ದು ಎಂಎಲ್. ಒಂದು ‘ಐ’ ಬಿಟ್ಟುಹೋದ ಲಕ್ಷಗಟ್ಟಲೆ ಮೇಲ್‌ಗಳು ವರ್ಷಗಳ ಕಾಲ ಮಾಲಿಯ ಡೊಮೈನಿಗೆ ಹೋಗಿದ್ದು 2023ರಲ್ಲಿ ಬಯಲಾಯಿತು.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಇದೆಯಲ್ಲ ಎಂದರೆ, ಇದೆ. ಬೋರ್ಡಿಗೆ, ಅಭಿಮಾನಕ್ಕೆ ಒಳ್ಳೆಯದೇ. ಆದರೆ ಎಷ್ಟೋ ಫಾರ್ಮುಗಳು ಅಂಥ ಮೇಲ್ ವಿಳಾಸವನ್ನು ಇನ್ನೂ ಸ್ವೀಕರಿಸುವುದಿಲ್ಲ. ಜೊತೆಗೆ ಒಂದು ಇರಲಿ, ಅದೊಂದೇ ಬೇಡ.

ಯಾವಾಗ ದ್ವೀಪದ ಹೆಸರು ತಕ್ಕದ್ದು

ಯಕ್ಷಗಾನದ ಆಟಗಳನ್ನು ನೇರಪ್ರಸಾರ ಮಾಡುವ ವಾಹಿನಿಗೆ ಟಿವಿ ಒಪ್ಪುತ್ತದೆ, ನೋಡುಗರಿಗೆ ಅರ್ಥ ಕೂಡಲೇ ಹೊಳೆಯುತ್ತದೆ. ತಾಳಮದ್ದಳೆಯ ಧ್ವನಿಮುದ್ರಣಗಳಿಗೆ ಎಫ್‌ಎಂ ಆಗಬಹುದು. ಗಿರಾಕಿಗಳೆಲ್ಲ ವಿದೇಶದಲ್ಲಿರುವ ಸಾಫ್ಟ್‌ವೇರ್ ಕಂಪನಿಗೆ ಐಒ, ಎಐ ವ್ಯಾಪಾರದ ಭಾಷೆಯೇ ಆಗಿಬಿಟ್ಟಿದೆ. ಅಡಿಕೆ, ಕಾಳುಮೆಣಸು, ಅಪ್ಪೆಮಿಡಿ, ಹೋಂಸ್ಟೇ, ಲಾಡ್ಜಿಂಗ್ ಇದ್ದವರಿಗೆ ಅದರಿಂದ ಬರುವುದು ಏನೂ ಇಲ್ಲ ಎನ್ನುವುದು ನಮ್ಮ ಅಭಿಪ್ರಾಯ. ಟಿವಿ ಹಿಡಿಯುವವರೂ ಮುಖ್ಯ ವಿಳಾಸವನ್ನು ಡಾಟ್ ಇನ್ ಅಥವಾ ಡಾಟ್ ಕಾಮ್‌ನಲ್ಲಿಟ್ಟು, ದ್ವೀಪದ ಹೆಸರನ್ನು ಅದಕ್ಕೆ ತಿರುಗಿಸುವುದು ಕ್ಷೇಮ.

ಹಾಗೂ ಬೇಕೇ ಬೇಕು ಎಂದರೆ ಕಾರ್ಡ್ ತೆಗೆಯುವ ಮೊದಲು ಡೊಮೈನ್ ತುದಿಗಳ ಮೂಲ ಪಟ್ಟಿ ಇಡುವ ಐಎಎನ್‌ಎ ಎಂಬ ಸಂಸ್ಥೆಯ ತಾಣದಲ್ಲಿರುವ ‘ರೂಟ್ ಜೋನ್ ಡೇಟಾಬೇಸ್’ ತೆರೆಯಿರಿ. ಎರಡಕ್ಷರದ ಮೇಲೆ ಒತ್ತಿದರೆ ಅದನ್ನು ಯಾರ ಸುಪರ್ದಿಗೆ ಕೊಟ್ಟಿದ್ದಾರೆ, ತಾಂತ್ರಿಕ ಉಸ್ತುವಾರಿ ಯಾರದ್ದು, ನೋಂದಣಿ ನಿಯಮದ ಪುಟ ಎಲ್ಲಿದೆ ಎಲ್ಲ ಕಾಣುತ್ತದೆ. ಆ ನಿಯಮ ಓದುವಾಗ ಹೊರದೇಶದವರಿಗೆ ಕೊಡುತ್ತಾರೋ ಇಲ್ಲವೋ ಎಂಬುದು ಮೊದಲು. ಇಂದು ಕೊಟ್ಟವರು ನಾಳೆಯೂ ಕೊಡುತ್ತಾರೆ ಎಂದೇನಿಲ್ಲ. ಬ್ರಿಟನ್ ಐರೋಪ್ಯ ಒಕ್ಕೂಟ ಬಿಟ್ಟ ಮೇಲೆ ಅಲ್ಲಿನವರ ಡಾಟ್ ಇಯು ಹೆಸರುಗಳನ್ನು 2021ರ ಜನವರಿಯಲ್ಲಿ ಅಮಾನತು ಮಾಡಿದರು. ಅಲ್ಲಿನ ಕಾನೂನು ಏನನ್ನು ನಿಷೇಧಿಸುತ್ತದೆ ಎಂಬುದನ್ನೂ ನೋಡಿ. 2010ರಲ್ಲಿ ಲಿಬಿಯಾ ತನ್ನ ಎಲ್‌ವೈ ಅಡಿಯಲ್ಲಿದ್ದ ಕೊಂಡಿ ಚಿಕ್ಕದು ಮಾಡುವ ತಾಣವೊಂದನ್ನು ತನ್ನ ಧಾರ್ಮಿಕ ಕಾನೂನಿಗೆ ಒಪ್ಪುವುದಿಲ್ಲವೆಂದು ಕಿತ್ತುಕೊಂಡಿತು. ಡಾಟ್ ಕಾಮ್‌ಗೆ ಅನ್ವಯಿಸುವ, ಇಂಟರ್ನೆಟ್ ಹೆಸರುಗಳನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ರಕ್ಷಣೆಗಳು ದೇಶದ ಡೊಮೈನಿಗೆ ತಾವಾಗಿ ಬರುವುದಿಲ್ಲ. ವ್ಯಾಜ್ಯ ಬಂದರೆ ಆ ದೇಶ ಒಪ್ಪಿದ ದಾರಿಯಲ್ಲೇ ಹೋಗಬೇಕು. ಡಾಟ್ ಇನ್‌ಗೆ ಐಎನ್‌ಡಿಆರ್‌ಪಿ ಎಂಬ ನಮ್ಮದೇ ವ್ಯವಸ್ಥೆ ಇದೆ.

ದರ ಮತ್ತು ಪಾವತಿ

ದೊಡ್ಡ ಅಕ್ಷರದಲ್ಲಿ ತೋರಿಸುವ ಮೊದಲ ವರ್ಷದ ದರ ನೋಡಬೇಡಿ. ನವೀಕರಣದ ದರ ಬಹಳ ಸಲ ಕೆಳಗೆ ಸಣ್ಣಕ್ಷರದಲ್ಲಿರುತ್ತದೆ, ಅದನ್ನು ಐದರಿಂದ ಗುಣಿಸಿ ಐದು ವರ್ಷದ ಖರ್ಚು ಹೋಲಿಸಿ. ಐಒ ಸಾಧಾರಣ ಡಾಟ್ ಕಾಮ್‌ನ ಮೂರು-ನಾಲ್ಕು ಪಟ್ಟು. ಎಐ ಒಂದು ವರ್ಷಕ್ಕೆ ಕೊಡುವುದೇ ಇಲ್ಲ, ಕನಿಷ್ಠ ಎರಡು ವರ್ಷ. ಎರಡು ವರ್ಷಕ್ಕೆ 140 ಡಾಲರ್ ಎಂದು ಹಿಡಿದರೂ 18% ಜಿಎಸ್‌ಟಿ ಸೇರಿ ಹದಿನಾಲ್ಕು ಸಾವಿರ ರೂಪಾಯಿಗೂ ಮೇಲಾಗುತ್ತದೆ, ಮಾರುವವರ ಲಾಭ ಅದರ ಮೇಲೆ. ಪಕ್ಕದಲ್ಲಿ ‘ಪ್ರೀಮಿಯಂ’ ಎಂದಿದ್ದರೆ ಆ ಹೆಚ್ಚಿನ ದರ ಒಂದು ಸಲಕ್ಕೋ ಪ್ರತಿ ವರ್ಷಕ್ಕೋ ಎಂದು ಬರಹದಲ್ಲಿ ಕೇಳಿ ತಿಳಿಯಿರಿ.

ವಿದೇಶಿ ಮಾರಾಟಗಾರರಿಂದ ಕೊಳ್ಳುವವರು ಎಡವುವುದು ನವೀಕರಣದಲ್ಲಿ. ಡೆಬಿಟ್ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಪಾವತಿ ಮೊದಲಿಂದಲೇ ಮುಚ್ಚಿರುತ್ತದೆ, ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದುಕೊಳ್ಳಬೇಕು. ಕೊಳ್ಳುವಾಗ ಅದು ಗೊತ್ತಾಗುತ್ತದೆ. ಗೊತ್ತಾಗದೇ ಹೋಗುವುದು ಆಟೋ ರಿನ್ಯೂ, ಅಂದರೆ ತಾನಾಗಿ ಆಗುವ ನವೀಕರಣ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್ 1ರಿಂದ ಕಾರ್ಡಿನಿಂದ ತಾನಾಗಿ ಪದೇಪದೇ ಹಣ ಕಡಿತವಾಗಲು ಇ-ಮ್ಯಾಂಡೇಟ್ ಎಂಬ ಮುಂಗಡ ಅನುಮತಿ ಬೇಕು, ಅದನ್ನು ಮಾಡಿಸದ ವಿದೇಶಿ ಕಂಪನಿಯ ಕಡಿತವನ್ನು ಬ್ಯಾಂಕ್ ತಿರಸ್ಕರಿಸುತ್ತದೆ. ಪರದೆಯಲ್ಲಿ ಆಟೋ ರಿನ್ಯೂ ಆನ್ ಎಂದಿರುತ್ತದೆ, ಹಣ ಮಾತ್ರ ಹೋಗಿರುವುದಿಲ್ಲ. ಯುಪಿಐ ತೆಗೆದುಕೊಂಡು ಜಿಎಸ್‌ಟಿ ಬಿಲ್ ಕೊಡುವ ಭಾರತದ ಮಾರಾಟಗಾರರನ್ನೇ ಹಿಡಿಯಿರಿ, ಅವಧಿ ಮುಗಿಯುವ 60 ದಿನ ಮೊದಲು ಕೈಯಾರೆ ಕಟ್ಟಿ.

ಅವಧಿ ಮೀರಿದರೆ ಡಾಟ್ ಕಾಮ್‌ನಲ್ಲಿ ಮಾರಾಟಗಾರರು ಕೊಡುವ ರಿಯಾಯಿತಿ ದಿನಗಳ ನಂತರ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳುವ ಅವಕಾಶ ಇರುತ್ತದೆ, ಅದಾದ 5 ದಿನಕ್ಕೆ ಹೆಸರು ಬಿಡುಗಡೆ. ದಂಡ ನವೀಕರಣದ ದರಕ್ಕಿಂತ ಎಷ್ಟೋ ಪಟ್ಟು. ದ್ವೀಪಗಳ ಡೊಮೈನಿನಲ್ಲಿ ಒಂದೊಂದು ಕಡೆ ಒಂದೊಂದು ಲೆಕ್ಕ, ಅದೇ ನಿಯಮ ಇರುತ್ತದೆ ಎಂದು ಕಾಯುತ್ತ ಕೂರಬೇಡಿ.

ಹೆಸರು ಯಾರ ಹೆಸರಿನಲ್ಲಿದೆ

ತಾಣ ಕಟ್ಟಿಕೊಡುವ ಹುಡುಗರೋ, ಬ್ರೋಷರ್ ಮಾಡುವ ಡಿಟಿಪಿ ಅಂಗಡಿಯವರೋ ಡೊಮೈನನ್ನು ತಮ್ಮ ಖಾತೆಯಲ್ಲೇ ತೆಗೆದುಕೊಡುವುದು ಸಾಮಾನ್ಯ. ಅವರು ಬೆಂಗಳೂರಿಗೆ ಹೋದ ಮೇಲೆ ನವೀಕರಣದ ನೆನಪೋಲೆ ಯಾರೂ ನೋಡದ ಮೇಲ್‌ಗೆ ಬರುತ್ತಿರುತ್ತದೆ. ಖಾತೆ ನಿಮ್ಮ ಮೇಲ್‌ನಲ್ಲಿರಲಿ, ನೋಂದಣಿದಾರ ಎಂಬಲ್ಲಿ ನಿಮ್ಮ ಅಥವಾ ಸಂಸ್ಥೆಯ ಹೆಸರಿರಲಿ, ತಾಣ ಕಟ್ಟುವವರಿಗೆ ತಾಂತ್ರಿಕ ಪ್ರವೇಶ ಮಾತ್ರ ಕೊಡಿ. ಇನ್ನೊಂದು, ಖಾತೆಯ ಮೇಲ್ ಅದೇ ಡೊಮೈನಿನದ್ದಾಗಿರಬಾರದು. ಡೊಮೈನ್ ನಿಂತರೆ ಮೇಲ್ ನಿಲ್ಲುತ್ತದೆ, ಮೇಲ್ ನಿಂತರೆ ಪಾಸ್‌ವರ್ಡ್ ಮರಳಿ ಪಡೆಯಲು ಆಗುವುದಿಲ್ಲ.

ಡಾಟ್ ಕಾಮ್ ಕೊಂಡ 15 ದಿನದೊಳಗೆ ಮೇಲ್ ಖಚಿತಪಡಿಸುವ ಕೊಂಡಿ ಒತ್ತದಿದ್ದರೆ ತಾಣ ನಿಲ್ಲುತ್ತದೆ. ಡಾಟ್ ಇನ್‌ನಲ್ಲಿ ಮಾಲೀಕರನ್ನು ಮುಚ್ಚಿಡುವ ಪ್ರೈವಸಿ ಸೇವೆಗೆ ಅವಕಾಶವಿಲ್ಲ. ನಿಜವಾದ ವಿಳಾಸ ಕೊಡಿ, ಗುರುತಿನ ದಾಖಲೆ ಕೇಳಿದರೆ ಕೂಡಲೇ ಕಳಿಸಿ. ಜೋಯಿಡಾ, ಯಲ್ಲಾಪುರದ ಒಳಹಳ್ಳಿಯವರು ಲಾಗಿನ್‌ಗೆ ಎಸ್‌ಎಂಎಸ್ ಓಟಿಪಿ ನೆಚ್ಚಿಕೊಳ್ಳದೆ ಫೋನಿನಲ್ಲೇ ಕೋಡ್ ತಯಾರಿಸುವ ಅಥೆಂಟಿಕೇಟರ್ ಆ್ಯಪ್ ಹಾಕಿಕೊಳ್ಳಿ. ಟವರ್ ಇಲ್ಲದ ಕಡೆ ವೈಫೈ ಇದ್ದರೂ ಓಟಿಪಿ ಬಾರದೇ ಹೋಗಬಹುದು, ಆ್ಯಪ್‌ಗೆ ಟವರೇ ಬೇಡ. ಬ್ಯಾಕಪ್ ಕೋಡುಗಳನ್ನು ಕಾಗದಕ್ಕೆ ಬರೆದು ಜಮೀನಿನ ಕಾಗದದ ಜೊತೆ ಇಡಿ.

ದ್ವೀಪದ ಹೆಸರನ್ನು ಮುಖ್ಯ ತಾಣಕ್ಕೆ ತಿರುಗಿಸುವುದು

ಮಾರಾಟಗಾರರ ಪ್ಯಾನೆಲ್‌ನಲ್ಲಿ ‘ಫಾರ್ವರ್ಡಿಂಗ್’ ಇರುತ್ತದೆ. ಒತ್ತಿದರೆ ಆಯಿತು ಅನ್ನಿಸುತ್ತದೆ, ಆದರೆ ಬಹಳ ಕಡೆ ಅದಕ್ಕೆ ಸುರಕ್ಷಿತ ಸಂಪರ್ಕಕ್ಕೆ (ಎಚ್‌ಟಿಟಿಪಿಎಸ್) ಬೇಕಾದ ಎಸ್‌ಎಸ್‌ಎಲ್ ಪ್ರಮಾಣಪತ್ರ ಇರುವುದಿಲ್ಲ. ಈಗಿನ ಬ್ರೌಸರ್‌ಗಳು ಮೊದಲು ಎಚ್‌ಟಿಟಿಪಿಎಸ್ ಆಗಿಯೇ ತೆರೆಯಲು ನೋಡುತ್ತವೆ, ಬಂದವರಿಗೆ ‘ಈ ತಾಣ ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಕಾಣುತ್ತದೆ, ಅವರು ವಾಪಸ್ ಹೋಗುತ್ತಾರೆ. ಇದಕ್ಕೆ ಡೊಮೈನ್ ದಾಖಲೆಗಳನ್ನು ನೋಡಿಕೊಳ್ಳುವ ಕ್ಲೌಡ್‌ಫ್ಲೇರ್ ಕಂಪನಿಯ ಪುಕ್ಕಟೆ ಖಾತೆ ಸಾಕು.

ಶುರು ಮಾಡುವ ಮೊದಲು ಮಾರಾಟಗಾರರ ಕಡೆ ಡಿಎನ್‌ಎಸ್‌ಸೆಕ್ (ಡೊಮೈನ್ ದಾಖಲೆಗಳು ಅಸಲಿ ಎಂದು ತೋರಿಸುವ ಡಿಜಿಟಲ್ ಸಹಿ) ಆನ್ ಇದ್ದರೆ ಆಫ್ ಮಾಡಿ ಒಂದು ದಿನ ಬಿಡಿ. ಇದನ್ನು ಮರೆತು ನೇಮ್‌ಸರ್ವರ್ (ಹೆಸರು ಕೇಳಿದವರಿಗೆ ತಾಣದ ಜಾಗ ಹೇಳುವ ಕಂಪ್ಯೂಟರ್) ಬದಲಿಸಿದರೆ ಹಳೆಯ ಸಹಿಗೂ ಹೊಸ ಸರ್ವರಿಗೂ ತಾಳೆಯಾಗದೆ ಎಷ್ಟೋ ಜನರಿಗೆ ತಾಣ ತೆರೆಯುವುದೇ ಇಲ್ಲ, ಕೆಲವರಿಗೆ ತೆರೆಯುತ್ತದೆ. ಹೀಗೆ ಅರ್ಧಂಬರ್ಧ ಕೆಟ್ಟದ್ದನ್ನು ಪತ್ತೆ ಹಚ್ಚುವುದು ತಲೆನೋವು. ನಂತರ ಕ್ಲೌಡ್‌ಫ್ಲೇರ್ ಕೊಟ್ಟ ಎರಡು ನೇಮ್‌ಸರ್ವರ್ ಹೆಸರುಗಳನ್ನು ಮಾರಾಟಗಾರರ ಪ್ಯಾನೆಲ್‌ನಲ್ಲಿ ಹಾಕಿ, ಹಳೆಯದನ್ನು ಪೂರ್ತಿ ತೆಗೆಯಿರಿ. ಬದಲಾವಣೆ ಎಲ್ಲೆಡೆ ಮುಟ್ಟಲು 24ರಿಂದ 48 ತಾಸು. ಅದಾದ ಮೇಲೆ ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ (ಡೊಮೈನ್ ದಾಖಲೆಗಳ) ಪುಟದಲ್ಲಿ ಬರೀ ಹೆಸರಿಗೊಂದು, ಡಬ್ಲ್ಯುಡಬ್ಲ್ಯುಡಬ್ಲ್ಯುಗೊಂದು ‘ಎ’ ದಾಖಲೆ ಸೇರಿಸಿ, ಹೆಸರು ಯಾವ ಅಂಕಿಯ ವಿಳಾಸಕ್ಕೆ ಹೋಗಬೇಕೆಂದು ಹೇಳುವುದು ಅದೇ. ಎರಡಕ್ಕೂ ವಿಳಾಸ 192.0.2.1, ಇದು ಉದಾಹರಣೆಗಾಗಿ ಮೀಸಲಿಟ್ಟ ಅಂಕಿ, ಅಲ್ಲಿ ಯಾವ ಕಂಪ್ಯೂಟರೂ ಇಲ್ಲ. ಪಕ್ಕದ ಮೋಡದ ಗುರುತು ಕಿತ್ತಳೆ ಬಣ್ಣದಲ್ಲಿರಬೇಕು. ಬೂದು ಇದ್ದರೆ ಭೇಟಿ ಕೊಟ್ಟವರು ನೇರ ಆ ಖಾಲಿ ವಿಳಾಸಕ್ಕೆ ಹೋಗಿ ಪುಟ ಸುತ್ತುತ್ತಲೇ ಇರುತ್ತದೆ. ಕೊನೆಗೆ ರೀಡೈರೆಕ್ಟ್ ರೂಲ್‌ನಲ್ಲಿ ಮುಖ್ಯ ತಾಣದ ವಿಳಾಸ ಕೊಟ್ಟು 301, ಅಂದರೆ ಕಾಯಂ ತಿರುವು ಆರಿಸಿ. 302 ತಾತ್ಕಾಲಿಕ, ಗೂಗಲ್ ಹಳೆಯ ಹೆಸರನ್ನೇ ಹಿಡಿದುಕೊಂಡಿರಬಹುದು. ಪರೀಕ್ಷೆಯನ್ನು ಮೊಬೈಲ್ ಡೇಟಾದಲ್ಲಿ, ಇನ್‌ಕಾಗ್ನಿಟೊದಲ್ಲಿ ಮಾಡಿ. ಮನೆಯ ವೈಫೈ ಹಳೆಯ ಉತ್ತರ ನೆನಪಿಟ್ಟುಕೊಂಡಿರುತ್ತದೆ.

ದ್ವೀಪದ ಹೆಸರಿನಿಂದ ಮೇಲ್ ಕಳಿಸುವುದಿಲ್ಲ ಎಂದಾದರೆ ಹಾಗೆಂದು ಜಗತ್ತಿಗೆ ಹೇಳಿಡಿ. ಯಾರು ಮೇಲ್ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ದಾಖಲೆಯಲ್ಲಿ ‘ಯಾರಿಗೂ ಅನುಮತಿಯಿಲ್ಲ’, ನಕಲಿ ಮೇಲನ್ನು ಏನು ಮಾಡಬೇಕೆಂದು ಹೇಳುವ ಡಿಮಾರ್ಕ್‌ನಲ್ಲಿ ‘ರಿಜೆಕ್ಟ್’. ಇಲ್ಲದಿದ್ದರೆ ನಿಮ್ಮ ಹೆಸರು ಹಾಕಿ ‘ಬುಕಿಂಗ್ ಅಡ್ವಾನ್ಸ್ ಕಳಿಸಿ’ ಎಂದು ಯಾರು ಬೇಕಾದರೂ ಮೇಲ್ ಮಾಡಬಹುದು. ಜಾಸ್ತಿ ಜನರಿಗೆ ಮೇಲ್ ಕಳಿಸುವ ಮುಖ್ಯ ಡೊಮೈನಿಗೆ ಎಸ್‌ಪಿಎಫ್, ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ), ಡಿಮಾರ್ಕ್ ಮೂರೂ ಬೇಕು. 2024ರ ಫೆಬ್ರುವರಿಯಿಂದ ಜಿಮೇಲ್ ಮತ್ತು ಯಾಹೂ ಇದನ್ನು ಕಡ್ಡಾಯ ಮಾಡಿವೆ.

ಶರಬತ್ತಿನ ಬಾಟಲಿಯ ಲೇಬಲ್, ಜೇನಿನ ಡಬ್ಬಿ, ಹೆದ್ದಾರಿ ಬದಿಯ ಬೋರ್ಡು, ಇವುಗಳ ಕ್ಯೂಆರ್ ಕೋಡಿನಲ್ಲಿ ಮುಖ್ಯ ಡೊಮೈನ್ ಮಾತ್ರ ಇರಲಿ. ಸಾವಿರಗಟ್ಟಲೆ ಮುದ್ರಿಸಿದ ಮೇಲೆ ತಿದ್ದುವ ದಾರಿಯಿಲ್ಲ. ಬೇರೆಯವರ ತಾಣದಲ್ಲಿ ಮಾಡಿದ ‘ಡೈನಾಮಿಕ್’ ಕ್ಯೂಆರ್ ಅವರಿಗೆ ಕಟ್ಟಿದ ಚಂದಾ ಮುಗಿದ ದಿನ ಸಾಯುತ್ತದೆ.

ಐಒ ಇದ್ದವರು ಈಗೇನು ಮಾಡಬೇಕು

ಐಒ ಎಂಬುದು ಹಿಂದೂ ಮಹಾಸಾಗರದ ಬ್ರಿಟಿಷ್ ಪ್ರದೇಶದ ಕೋಡ್, ಅಂದರೆ ಚಾಗೋಸ್ ದ್ವೀಪಸಮೂಹ. ಡಿಯೆಗೊ ಗಾರ್ಸಿಯಾ ಸೇನಾನೆಲೆಗಾಗಿ ಅಲ್ಲಿನ ಮೂಲ ನಿವಾಸಿಗಳನ್ನು 1973ರ ಹೊತ್ತಿಗೆ ಹೊರಹಾಕಿ ಮುಗಿಸಿದ್ದರು. ಆ ಡೊಮೈನಿನ ಹಣದಲ್ಲಿ ಅವರಿಗೆ ಪಾಲು ಬೇಕೆಂಬ ಕೂಗು ಹಳೆಯದು, ನ್ಯಾಯವಾದದ್ದೂ ಹೌದು. ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವುದಾಗಿ ಬ್ರಿಟನ್ 2024ರ ಅಕ್ಟೋಬರ್‌ನಲ್ಲಿ ಹೇಳಿತು, 2025ರ ಮೇ 22ರಂದು ಒಪ್ಪಂದಕ್ಕೆ ಸಹಿ ಬಿತ್ತು.

ಇದರಿಂದ ನಿಮ್ಮ ತಾಣ ನಾಳೆಯೇ ಹೋಗುವುದಿಲ್ಲ. ಐಎಸ್‌ಒ ಪಟ್ಟಿಯಿಂದ ಕೋಡ್ ತೆಗೆದರೆ ಮಾತ್ರ ಡೊಮೈನ್ ಮುಚ್ಚುವ ಪ್ರಕ್ರಿಯೆ ಶುರು. ನೋಟಿಸು ಬಂದ ದಿನದಿಂದ ಐದು ವರ್ಷ ಗಡುವು, ಕಾರಣ ತೋರಿಸಿದರೆ ಇನ್ನೂ ಐದು ವರ್ಷದವರೆಗೆ ವಿಸ್ತರಿಸಬಹುದು. ಯುಗೊಸ್ಲಾವಿಯಾದ ವೈಯು ಆ ದೇಶದ ಹೆಸರು ಅಳಿದ ಎಷ್ಟೋ ಕಾಲದ ಮೇಲೆ, 2010ರ ಮಾರ್ಚ್ 30ಕ್ಕೆ ನಿಂತಿತು. ಸೋವಿಯತ್ ಒಕ್ಕೂಟದ ಎಸ್‌ಯು ಒಕ್ಕೂಟ ಒಡೆದು ಮೂರು ದಶಕ ದಾಟಿದರೂ ನಡೆಯುತ್ತಿದೆ. ಆದರೆ ಹತ್ತು ವರ್ಷಕ್ಕೆ ಒಟ್ಟಿಗೆ ನವೀಕರಿಸುವ ಯೋಚನೆ ಬೇಡ, ಒಂದೆರಡು ವರ್ಷಕ್ಕೆ ಕಟ್ಟುತ್ತಾ ಹೋಗಿ. ಜೊತೆಗೇ ಡಾಟ್ ಇನ್ ಅಥವಾ ಡಾಟ್ ಕಾಮ್ ಹೆಸರೊಂದನ್ನು ಹಿಡಿದುಕೊಂಡು ಇಂದಿನಿಂದಲೇ ಬಿಲ್, ವಿಸಿಟಿಂಗ್ ಕಾರ್ಡ್, ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಅದನ್ನೇ ಬಳಸಿ.

ತಾಣ ಸ್ಥಳಾಂತರಿಸುವ ಹಿಂದಿನ ದಿನ ಡಿಎನ್‌ಎಸ್ ದಾಖಲೆಗಳ ಟಿಟಿಎಲ್ (ಹಳೆಯ ಉತ್ತರವನ್ನು ಎಷ್ಟು ಹೊತ್ತು ನೆನಪಿಡಬೇಕೆಂಬ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿ. 86400 ಇದ್ದರೆ ಬದಲಾವಣೆ ಕಾಣಲು ಇಡೀ ದಿನ ಹಿಡಿಯುತ್ತದೆ. ಪ್ರತಿ ಹಳೆಯ ಪುಟವನ್ನು ಅದೇ ಹೊಸ ಪುಟಕ್ಕೆ 301 ಮಾಡಿ, ಎಲ್ಲವನ್ನೂ ಮುಖಪುಟಕ್ಕೆ ತಳ್ಳಬೇಡಿ. ಸರ್ಚ್ ಕನ್ಸೋಲ್‌ನಲ್ಲಿ ‘ವಿಳಾಸ ಬದಲಾವಣೆ’ ದಾಖಲಿಸಿ. ಹಳೆಯ ಹೆಸರನ್ನು ಕನಿಷ್ಠ ಎರಡು ವರ್ಷ ಕೈಯಲ್ಲಿಟ್ಟುಕೊಳ್ಳಿ.

ಅದನ್ನು ಬಿಡುವ ಮೊದಲು ಬ್ಯಾಂಕ್, ಜಿಎಸ್‌ಟಿ ಪೋರ್ಟಲ್, ಎಫ್‌ಎಸ್‌ಎಸ್‌ಎಐ ಪರವಾನಗಿ, ಇನ್‌ಸ್ಟಾಗ್ರಾಂ, ಹೋಟೆಲ್ ಬುಕಿಂಗ್ ತಾಣಗಳಲ್ಲಿ ಹಳೆಯ ಡೊಮೈನಿನ ಮೇಲ್ ಎಲ್ಲೆಲ್ಲಿ ಕೊಟ್ಟಿದ್ದೀರೋ ಅಲ್ಲೆಲ್ಲ ಬದಲಿಸಿ. ಬಿಟ್ಟ ಹೆಸರನ್ನು ಇನ್ಯಾರೋ ಕೊಂಡರೆ ನಿಮ್ಮ ಮೇಲ್ ಅವರಿಗೇ ಹೋಗುತ್ತದೆ, ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂದು ಒತ್ತಿದರೆ ಬರುವ ಕೊಂಡಿ ಕೂಡ.